ಅಮೆರಿಕದ ಹೊಸ ವಲಸಿಗರನ್ನು ಗುರಿಯಾಗಿಸುವ ವಂಚನೆಗಳು

ಅಮೆರಿಕದ ಹೊಸ ವಲಸಿಗರನ್ನು ಗುರಿಯಾಗಿಸುವ ವಂಚನೆಗಳು ಎಂದರೆ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಓದಲು, ದುಡಿಯಲು ಅಥವಾ ನೆಲೆಸಲು ಹೊಸದಾಗಿ ಬಂದವರಿಂದ ಹಣವನ್ನೋ ಗುರುತಿನ ವಿವರಗಳನ್ನೋ ಕಸಿದುಕೊಳ್ಳಲು ಹೂಡುವ ಮೋಸಗಳು. ಸರ್ಕಾರಿ ಅಧಿಕಾರಿಯ ಸೋಗಿನಲ್ಲಿ ಬರುವ ದೂರವಾಣಿ ಕರೆ, ಅರ್ಹತೆಯಿಲ್ಲದವರು ಮಾರುವ ವಲಸೆ ಸಲಹೆ, ಹೆಸರಿಗಷ್ಟೇ ಇರುವ ವಿಶ್ವವಿದ್ಯಾಲಯ, ಹಣ ಪಡೆದು ಕೊಡುವ ಉದ್ಯೋಗ, ಇಲ್ಲದ ಮನೆಗೆ ಕೇಳುವ ಮುಂಗಡ ಇವುಗಳಲ್ಲಿ ಮುಖ್ಯವಾದವು. ಮೋಸಹೋದವರನ್ನು ದುರಾಸೆಯವರೆಂದು ಹಳಿಯುವುದು ವಾಡಿಕೆಯಾಗಿದೆ. ಆದರೆ ಈ ಬಗೆಯ ವಂಚನೆಗಳಲ್ಲಿ ಆಸೆಗಿಂತ ಹೆಚ್ಚಾಗಿ ಕೆಲಸ ಮಾಡುವುದು ಭಯ. ವೀಸಾ ರದ್ದಾದೀತು, ಗಡೀಪಾರು ಆದೀತು ಎಂಬ ಆತಂಕವೂ, ಹೊಸ ದೇಶದ ಕಚೇರಿಗಳು ಜನರೊಡನೆ ಹೇಗೆ ವ್ಯವಹರಿಸುತ್ತವೆ ಎಂಬುದರ ಅರಿವಿಲ್ಲದಿರುವುದೂ ವಂಚಕರ ಎರಡು ಮುಖ್ಯ ಬಂಡವಾಳಗಳು.

ಹಿನ್ನೆಲೆ

ಹೊಸದಾಗಿ ಬಂದವರು ಮೊದಲ ಕೆಲವು ತಿಂಗಳುಗಳಲ್ಲಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಪಡೆಯಬೇಕು, ಬ್ಯಾಂಕ್ ಖಾತೆ ತೆರೆಯಬೇಕು, ಮನೆ ಹುಡುಕಬೇಕು, ವಾಹನ ಚಾಲನಾ ಪರವಾನಗಿ ಮಾಡಿಸಬೇಕು. ಪ್ರತಿಯೊಂದು ಹಂತದಲ್ಲೂ ಪರಿಚಯವಿಲ್ಲದವರಿಗೆ ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ, ವಿಳಾಸಗಳನ್ನು ಒಪ್ಪಿಸುವುದು ಅನಿವಾರ್ಯ. ಹತ್ತು ಮಂದಿ ನಿಜವಾಗಿಯೇ ಕೇಳುತ್ತಿರುವಾಗ ಹನ್ನೊಂದನೆಯವನು ಸುಳ್ಳುಗಾರನೆಂದು ತಿಳಿಯುವುದು ಸುಲಭವಲ್ಲ.

ತಾಯ್ನಾಡಿನ ಅನುಭವವೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಆರ್‌ಟಿಒ ಅಥವಾ ಉಪನೋಂದಣಾಧಿಕಾರಿಯ ಕಚೇರಿಯ ಮುಂದೆ ಕುಳಿತ ಮಧ್ಯವರ್ತಿಗೆ ಹಣ ಕೊಟ್ಟು ಕೆಲಸ ಮಾಡಿಸಿಕೊಂಡು ಬೆಳೆದವರಿಗೆ, ಪರದೇಶದಲ್ಲಿಯೂ ‘ಒಳಗಿನವರನ್ನು ಬಲ್ಲ’ ಒಬ್ಬ ಏಜೆಂಟ್ ಇರುವುದು ಸಹಜವಾಗಿ ತೋರುತ್ತದೆ. ಅಮೆರಿಕದ ಪೌರತ್ವ ಮತ್ತು ವಲಸೆ ಸೇವೆಗಳ ಇಲಾಖೆಯ (ಯುಎಸ್‌ಸಿಐಎಸ್) ನಮೂನೆಗಳು ಅದರ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ ಎಂಬ ಸಣ್ಣ ಸಂಗತಿ ತಿಳಿಯದೆ ಬರಿಯ ನಮೂನೆಗೇ ಹಣ ತೆತ್ತವರಿದ್ದಾರೆ. ಮನೆ ಬದಲಿಸಿದ 10 ದಿನಗಳೊಳಗೆ ಬಹುತೇಕ ವಿದೇಶೀಯರು ಸಲ್ಲಿಸಬೇಕಾದ ವಿಳಾಸ ಬದಲಾವಣೆಯ ಎಆರ್-11 ನಮೂನೆಗೆ ಶುಲ್ಕವೇ ಇಲ್ಲ. ಅದಕ್ಕೂ ಹಣ ವಸೂಲು ಮಾಡುವ ಖಾಸಗಿ ಜಾಲತಾಣಗಳಿವೆ.

ಇವೆಲ್ಲಕ್ಕಿಂತ ಮಿಗಿಲಾದುದು ಕಾಲದ ಒತ್ತಡ. ಎಫ್-1 ವೀಸಾದ ವಿದ್ಯಾರ್ಥಿ ಪದವಿಯ ನಂತರದ ಪ್ರಾಯೋಗಿಕ ತರಬೇತಿಯ (ಒಪಿಟಿ) ಮೊದಲ 12 ತಿಂಗಳಲ್ಲಿ ಒಟ್ಟು 90 ದಿನಗಳಿಗಿಂತ ಹೆಚ್ಚು ಕಾಲ ನಿರುದ್ಯೋಗಿಯಾಗಿರುವಂತಿಲ್ಲ. ಎಚ್-1ಬಿ ವೀಸಾದಲ್ಲಿರುವವರು ಕೆಲಸ ಕಳೆದುಕೊಂಡರೆ ಬೇರೆ ಉದ್ಯೋಗದಾತರನ್ನು ಹುಡುಕಲು ಸಿಗುವ ಅವಧಿ ಗರಿಷ್ಠ 60 ದಿನ. ಊರಿನಲ್ಲಿ ಶಿಕ್ಷಣ ಸಾಲದ ಕಂತು ಆರಂಭವಾಗಿರುತ್ತದೆ, ಕೆಲವರ ಮನೆಯ ಪತ್ರವೇ ಬ್ಯಾಂಕಿನಲ್ಲಿ ಅಡವಿದೆ. ಇಂಥ ಹೊತ್ತಿನಲ್ಲಿ ‘ನಾಳೆಯೇ ಕೆಲಸ’ ಎನ್ನುವವನ ಮಾತನ್ನು ತೂಗಿ ನೋಡುವ ವ್ಯವಧಾನ ಉಳಿಯುವುದಿಲ್ಲ.

ಅಧಿಕಾರಿಗಳ ಸೋಗು

ಅತ್ಯಂತ ವ್ಯಾಪಕವಾದ ಬಗೆ ಇದು. ಕರೆ ಮಾಡಿದವನು ತಾನು ಆಂತರಿಕ ಕಂದಾಯ ಸೇವೆಯ (ಐಆರ್‌ಎಸ್) ಅಥವಾ ವಲಸೆ ಇಲಾಖೆಯ ಅಧಿಕಾರಿಯೆಂದು ಹೇಳಿ, ಒಂದು ಬ್ಯಾಡ್ಜ್ ಸಂಖ್ಯೆಯನ್ನು ಒಪ್ಪಿಸುತ್ತಾನೆ. ತೆರಿಗೆ ಬಾಕಿಯಿದೆ ಅಥವಾ ಅರ್ಜಿಯಲ್ಲಿ ತಪ್ಪಿದೆ, ಈಗಲೇ ದಂಡ ಕಟ್ಟದಿದ್ದರೆ ಬಂಧನ, ಬಳಿಕ ಗಡೀಪಾರು ಎಂದು ಬೆದರಿಸುತ್ತಾನೆ. ಕರೆಯನ್ನು ಕಡಿಯಬಾರದು, ಯಾರಿಗೂ ಹೇಳಬಾರದು ಎಂಬ ಷರತ್ತು ಸಾಮಾನ್ಯವಾಗಿ ಜೊತೆಗಿರುತ್ತದೆ. ಪಕ್ಕದಲ್ಲಿ ಕೇಳುವ ಇನ್ನೊಬ್ಬರು ಸಿಕ್ಕರೆ ನಾಟಕ ಕೆಡುತ್ತದೆ ಎಂಬುದು ವಂಚಕರಿಗೆ ಗೊತ್ತು. ಕೊನೆಗೆ ಅಂಗಡಿಗೆ ಹೋಗಿ ಗಿಫ್ಟ್ ಕಾರ್ಡ್ ಕೊಂಡು ಅದರ ಹಿಂಬದಿಯ ಸಂಖ್ಯೆಯನ್ನು ಓದಿ ಹೇಳುವಂತೆ ಆಜ್ಞೆಯಾಗುತ್ತದೆ. ಸಂಖ್ಯೆ ಓದಿದ ಕೆಲವೇ ನಿಮಿಷಗಳಲ್ಲಿ ಹಣ ಕೈಬದಲಾಗಿರುತ್ತದೆ.

ಈ ಬಗೆಯ ಅತಿ ದೊಡ್ಡ ಪ್ರಕರಣಗಳಲ್ಲೊಂದಕ್ಕೆ ಭಾರತದ ನಂಟಿದೆ. 2016ರ ಅಕ್ಟೋಬರ್ ಆರಂಭದಲ್ಲಿ ಠಾಣೆ ಪೊಲೀಸರು ಮುಂಬಯಿ ಬಳಿಯ ಮೀರಾ ರೋಡ್‌ನ ಕಾಲ್ ಸೆಂಟರ್‌ಗಳ ಮೇಲೆ ದಾಳಿ ನಡೆಸಿ 700ಕ್ಕೂ ಹೆಚ್ಚು ಮಂದಿಯನ್ನು ವಶಕ್ಕೆ ಪಡೆದರು. ಅದೇ ತಿಂಗಳ 27ರಂದು ಅಮೆರಿಕದ ನ್ಯಾಯ ಇಲಾಖೆಯು 56 ವ್ಯಕ್ತಿಗಳು ಹಾಗೂ ಭಾರತದ 5 ಕಾಲ್ ಸೆಂಟರ್‌ಗಳ ಮೇಲೆ ದೋಷಾರೋಪ ಹೊರಿಸಿದ್ದನ್ನು ಪ್ರಕಟಿಸಿತು. ಅಹಮದಾಬಾದಿನಿಂದ ನಡೆದ ಈ ಕರೆಗಳಲ್ಲಿ ಕಂದಾಯ ಅಧಿಕಾರಿಗಳ ಜೊತೆಗೆ ವಲಸೆ ಅಧಿಕಾರಿಗಳ ಸೋಗನ್ನೂ ಹಾಕಲಾಗಿತ್ತು. ವೃದ್ಧರು ಮತ್ತು ಕಾನೂನುಬದ್ಧ ವಲಸಿಗರು ವಿಶೇಷವಾಗಿ ಗುರಿಯಾಗಿದ್ದರು. ನಷ್ಟದ ಮೊತ್ತ ನೂರಾರು ಮಿಲಿಯನ್ ಡಾಲರುಗಳೆಂದು ಇಲಾಖೆ ಹೇಳಿತು. 2018ರ ಜುಲೈನಲ್ಲಿ ಈ ಜಾಲದ 21 ಮಂದಿಗೆ 20 ವರ್ಷಗಳವರೆಗಿನ ಸೆರೆವಾಸವಾಯಿತು. ಸುಲಿಗೆಯಾದ ಹಣ ಅಮೆರಿಕದೊಳಗಿನ ‘ಓಟಗಾರರ’ ಕೈಗೆ ಮೊದಲು ಸೇರಿ, ಅಲ್ಲಿಂದ ಪ್ರೀಪೇಯ್ಡ್ ಕಾರ್ಡ್, ಹವಾಲಾ ಮುಂತಾದ ದಾರಿಗಳಲ್ಲಿ ಸಾಗುತ್ತಿತ್ತು.

ನಿಜವಾದ ಇಲಾಖೆಗಳ ನಡವಳಿಕೆ ಇದಕ್ಕೆ ವಿರುದ್ಧವಾದುದು. ತೆರಿಗೆ ಬಾಕಿಯಿದ್ದರೆ ಐಆರ್‌ಎಸ್ ಸಾಮಾನ್ಯವಾಗಿ ಮೊದಲು ಅಂಚೆಯ ಮೂಲಕ ಪತ್ರ ಕಳುಹಿಸುತ್ತದೆ, ಮತ್ತು ಅದನ್ನು ಪ್ರಶ್ನಿಸಲು ಅವಕಾಶ ಕೊಡುತ್ತದೆ. ಯುಎಸ್‌ಸಿಐಎಸ್ ದೂರವಾಣಿಯಲ್ಲಾಗಲಿ ಇ-ಮೇಲ್‌ನಲ್ಲಾಗಲಿ ಶುಲ್ಕ ಕೇಳುವುದಿಲ್ಲ. ಗಿಫ್ಟ್ ಕಾರ್ಡ್ ರೂಪದಲ್ಲಿ ಹಣ ಪಡೆಯುವ ಸರ್ಕಾರಿ ಇಲಾಖೆ ಅಮೆರಿಕದಲ್ಲಿ ಒಂದೂ ಇಲ್ಲ. ‘ನಿಮ್ಮ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಅಮಾನತಾಗಿದೆ’ ಎಂಬ ಕರೆ ಕೂಡ ಸುಳ್ಳು. ಆ ಸಂಖ್ಯೆಯನ್ನು ಅಮಾನತು ಮಾಡುವ ಪದ್ಧತಿಯೇ ಇಲ್ಲ.

ಫೋನಿನ ಪರದೆಯ ಮೇಲೆ ಕಾಣುವ ಸಂಖ್ಯೆಯನ್ನು ನಂಬಿ ಪ್ರಯೋಜನವಿಲ್ಲ, ಏಕೆಂದರೆ ಬೇಕಾದ ಸಂಖ್ಯೆ ಮೂಡುವಂತೆ ಮಾಡುವ ತಂತ್ರ ಅಗ್ಗವಾಗಿ ದೊರೆಯುತ್ತದೆ. ವಾಷಿಂಗ್ಟನ್‌ನ ಭಾರತೀಯ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆಗಳನ್ನೇ ಹೀಗೆ ಬಳಸಿ, ಪಾಸ್‌ಪೋರ್ಟ್ ಅಥವಾ ವೀಸಾ ನಮೂನೆಯಲ್ಲಿ ದೋಷವಿದೆಯೆಂದು ಹಣ ಕೇಳಿದ್ದುಂಟು. ಈ ಬಗ್ಗೆ ರಾಯಭಾರ ಕಚೇರಿಯೇ ಎಚ್ಚರಿಕೆ ಹೊರಡಿಸಿತ್ತು. ಕರೆಯನ್ನು ಕಡಿದು, ಇಲಾಖೆಯ ಅಧಿಕೃತ ಜಾಲತಾಣದಲ್ಲಿರುವ ಸಂಖ್ಯೆಗೆ ತಾವೇ ಮರಳಿ ಕರೆ ಮಾಡುವುದೊಂದೇ ಭರವಸೆಯ ಪರೀಕ್ಷೆ.

ಊರಿನಲ್ಲಿರುವ ತಂದೆತಾಯಿಗಳಿಗೂ ಇದೇ ಕರೆಯ ಇನ್ನೊಂದು ರೂಪ ಬರುತ್ತದೆ. ಮಗನನ್ನೋ ಮಗಳನ್ನೋ ಅಮೆರಿಕದ ಪೊಲೀಸರು ಹಿಡಿದಿದ್ದಾರೆ, ಬಿಡಿಸಲು ತಕ್ಷಣ ಹಣ ಕಳುಹಿಸಿ ಎಂಬುದು ಅದರ ಸಾರ. ಅಲ್ಲಿ ನಡುರಾತ್ರಿಯಾಗಿರುವ ಹೊತ್ತಿನಲ್ಲಿ ಬಂದರೆ ಮಕ್ಕಳು ಫೋನ್ ಎತ್ತದಿರುವುದರಿಂದ ಸುಳ್ಳಿಗೆ ಬಲ ಬರುತ್ತದೆ. ಜಾಮೀನಿನ ಹಣವನ್ನು ಭಾರತದ ಯುಪಿಐ ಖಾತೆಗೆ ಕಟ್ಟಿಸಿಕೊಳ್ಳುವ ನ್ಯಾಯಾಲಯ ಅಮೆರಿಕದಲ್ಲಿಲ್ಲ. ಭಾರತದಿಂದ ಹಣ ಹೋಗಿದ್ದಲ್ಲಿ 1930 ಸಹಾಯವಾಣಿಗೆ ಕೂಡಲೇ ದೂರು ನೀಡಬಹುದು.

ನೋಟರಿ ಮತ್ತು ವಲಸೆ ಸಲಹೆಗಾರರು

ಒಂದೇ ಪದಕ್ಕೆ ಎರಡು ದೇಶಗಳಲ್ಲಿ ಎರಡು ಅರ್ಥವಿರುವುದನ್ನು ಬಳಸಿಕೊಂಡು ಬೆಳೆದ ವಂಚನೆ ಇದು. ಲ್ಯಾಟಿನ್ ಅಮೆರಿಕದ ಹಲವು ದೇಶಗಳಲ್ಲಿ ‘ನೋಟಾರಿಯೊ’ ಎಂದರೆ ಉನ್ನತ ಕಾನೂನು ತರಬೇತಿ ಪಡೆದ ಗಣ್ಯ ಅಧಿಕಾರಿ. ಭಾರತದಲ್ಲಿಯೂ 1952ರ ನೋಟರಿಗಳ ಕಾಯ್ದೆಯಡಿ ನೇಮಕಗೊಳ್ಳುವವರು ಸಾಮಾನ್ಯವಾಗಿ ಹಲವು ವರ್ಷ ವಕೀಲಿ ವೃತ್ತಿ ನಡೆಸಿದವರೇ ಆಗಿರುತ್ತಾರೆ. ಅಮೆರಿಕದಲ್ಲಾದರೋ ನೋಟರಿಯ ಕೆಲಸ ಮುಖ್ಯವಾಗಿ ಸಹಿಯನ್ನು ದೃಢೀಕರಿಸುವುದು. ಆತ ಕಾನೂನು ಓದಿರಬೇಕಾದ ಅಗತ್ಯವಿಲ್ಲ, ನೋಟರಿ ಎಂಬ ಮಾತ್ರಕ್ಕೆ ವಲಸೆ ಅರ್ಜಿಯ ಬಗ್ಗೆ ಸಲಹೆ ನೀಡುವ ಅಧಿಕಾರ ಅವನಿಗಿಲ್ಲ. ಆ ಅಧಿಕಾರವಿರುವುದು ವಕೀಲರಿಗೆ ಮತ್ತು ಮಾನ್ಯತೆ ಪಡೆದ ಸೇವಾಸಂಸ್ಥೆಗಳಲ್ಲಿ ನ್ಯಾಯ ಇಲಾಖೆಯ ಅನುಮತಿ ಹೊಂದಿ ಕೆಲಸ ಮಾಡುವ ಪ್ರತಿನಿಧಿಗಳಿಗೆ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ‘ವಲಸೆ ಸಮಾಲೋಚಕ’ ಎಂಬ ಹೆಸರಿನಲ್ಲಿ ನೋಂದಾಯಿಸಿ, ಭದ್ರತಾ ಬಾಂಡ್ ಇಟ್ಟು ವ್ಯವಹರಿಸಬಹುದಾದರೂ, ಅವರು ಮಾಡಬಹುದಾದುದು ಗ್ರಾಹಕರು ಹೇಳಿದ್ದನ್ನು ನಮೂನೆಯಲ್ಲಿ ತುಂಬುವುದು, ಅನುವಾದಿಸುವುದು ಮುಂತಾದ ಕೆಲಸಗಳನ್ನಷ್ಟೇ. ಯಾವ ನಮೂನೆ ಆರಿಸಬೇಕೆಂದು ಹೇಳುವುದು ಕಾನೂನು ಸಲಹೆಯೆನಿಸುತ್ತದೆ.

ಇಲ್ಲಿ ಹಣ ಕಳೆದುಕೊಳ್ಳುವುದು ಸಣ್ಣ ನಷ್ಟವೆಂದೇ ಹೇಳಬೇಕು. ಕೆಲಸದ ಪರವಾನಗಿ ಕೊಡಿಸುವುದಾಗಿ ನಂಬಿಸಿ, ಗ್ರಾಹಕನಿಗೆ ಸರಿಯಾಗಿ ವಿವರಿಸದೆ ಅವನ ಹೆಸರಿನಲ್ಲಿ ಆಶ್ರಯ ಕೋರಿಕೆಯ ಅರ್ಜಿ ಹಾಕಿಬಿಡುವುದು ಇಂಥ ಸಲಹೆಗಾರರ ಒಂದು ಕುಖ್ಯಾತ ಪದ್ಧತಿ. ಅರ್ಜಿ ಬಾಕಿಯಿರುವಾಗ ಪರವಾನಗಿ ಬರುವುದೂ ಉಂಟು, ಆದ್ದರಿಂದ ಗ್ರಾಹಕನಿಗೆ ತೃಪ್ತಿಯಾಗುತ್ತದೆ. ಮುಂದೆ ಅರ್ಜಿ ತಿರಸ್ಕೃತವಾಗಿ ಪ್ರಕರಣ ವಲಸೆ ನ್ಯಾಯಾಲಯಕ್ಕೆ ಹೋದಾಗ, ತಾನು ಎಂದೂ ಹೇಳದ ಹಿಂಸೆಯ ಕಥೆಯೊಂದರ ಕೆಳಗೆ ತನ್ನ ಸಹಿಯಿರುವುದು ಅವನಿಗೆ ಗೊತ್ತಾಗುತ್ತದೆ. ಉದ್ದೇಶಪೂರ್ವಕವಾಗಿ ಸುಳ್ಳು ಆಶ್ರಯ ಅರ್ಜಿ ಸಲ್ಲಿಸಿದರೆಂದು ತೀರ್ಮಾನವಾದವರಿಗೆ ವಲಸೆ ಕಾನೂನಿನ ಸೌಲಭ್ಯಗಳು ಶಾಶ್ವತವಾಗಿ ಮುಚ್ಚಿಹೋಗಬಹುದು.

ಅರ್ಜಿಯನ್ನು ಬೇರೆಯವರು ಸಿದ್ಧಪಡಿಸಿದ್ದರೆ ಅವರ ಹೆಸರು ಮತ್ತು ಸಹಿಗೆ ನಮೂನೆಯಲ್ಲೇ ಜಾಗವಿರುತ್ತದೆ. ವಕೀಲರು ತಮ್ಮ ವಕಾಲತ್ತನ್ನು ಸೂಚಿಸುವ ಜಿ-28 ನಮೂನೆಯನ್ನೂ ಸಲ್ಲಿಸುತ್ತಾರೆ. ಹಣ ಪಡೆದು ಅರ್ಜಿ ಬರೆದವನು ಅಲ್ಲಿ ಸಹಿ ಹಾಕಲು ಹಿಂಜರಿದರೆ, ಖಾಲಿ ನಮೂನೆಗೆ ಸಹಿ ಕೇಳಿದರೆ ಅಥವಾ ಮೂಲ ಪಾಸ್‌ಪೋರ್ಟನ್ನು ತನ್ನಲ್ಲೇ ಇಟ್ಟುಕೊಂಡರೆ ಅಲ್ಲಿಂದ ಎದ್ದು ಬರುವುದು ಲೇಸು. ವಕೀಲರ ಪರವಾನಗಿಯನ್ನು ಆಯಾ ರಾಜ್ಯದ ವಕೀಲರ ಪರಿಷತ್ತಿನ ಜಾಲತಾಣದಲ್ಲಿ ಹೆಸರಿನಿಂದ ಹುಡುಕಿ ನೋಡಬಹುದು.

ಲಾಟರಿ ವೀಸಾ

ಡೈವರ್ಸಿಟಿ ವೀಸಾ ಲಾಟರಿಯಲ್ಲಿ ಗೆದ್ದಿರುವಿರಿ ಎಂಬ ಇ-ಮೇಲ್ ಬಹಳ ಹಳೆಯ ಮೋಸ. ಹಿಂದಿನ 5 ವರ್ಷಗಳಲ್ಲಿ 50,000ಕ್ಕಿಂತ ಹೆಚ್ಚು ವಲಸಿಗರನ್ನು ಕಳುಹಿಸಿದ ದೇಶಗಳಲ್ಲಿ ಹುಟ್ಟಿದವರಿಗೆ ಈ ಯೋಜನೆಯಲ್ಲಿ ಅವಕಾಶವಿಲ್ಲ. ಭಾರತ ಅಂಥ ದೇಶ. ಸಂಗಾತಿ ಬೇರೆ ದೇಶದಲ್ಲಿ ಹುಟ್ಟಿದವರಾಗಿರುವಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಭಾರತದಲ್ಲಿ ಹುಟ್ಟಿದವರಿಗೆ ಬರುವ ಗೆಲುವಿನ ಸುದ್ದಿಯನ್ನು ಓದುವ ಅಗತ್ಯವೂ ಇಲ್ಲ. ಅರ್ಹ ದೇಶದವರಿಗೂ ಗೆದ್ದ ಸುದ್ದಿ ಇ-ಮೇಲ್‌ನಲ್ಲಿ ಬರುವುದಿಲ್ಲ, ಅರ್ಜಿದಾರರೇ ವಿದೇಶಾಂಗ ಇಲಾಖೆಯ ಜಾಲತಾಣದಲ್ಲಿ ಪರಿಶೀಲಿಸಿಕೊಳ್ಳಬೇಕು.

ಹೆಸರಿಗಷ್ಟೇ ಇರುವ ವಿಶ್ವವಿದ್ಯಾಲಯಗಳು

ಭಾರತೀಯ ವಿದ್ಯಾರ್ಥಿಗಳಿಗೆ ಅತಿ ಹೆಚ್ಚು ಪೆಟ್ಟು ಕೊಟ್ಟ ವಂಚನೆಗಳಲ್ಲಿ ಕ್ಯಾಲಿಫೋರ್ನಿಯಾದ ಪ್ಲೆಸಂಟನ್‌ನಲ್ಲಿದ್ದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯದ ಪ್ರಕರಣ ಮುಖ್ಯವಾದುದು. 2011ರ ಜನವರಿಯಲ್ಲಿ ವಲಸೆ ಅಧಿಕಾರಿಗಳು ಅದನ್ನು ಮುಚ್ಚಿಸಿದಾಗ ಸುಮಾರು 1,500 ವಿದ್ಯಾರ್ಥಿಗಳು ದಾಖಲಾಗಿದ್ದರು. ಅವರಲ್ಲಿ ಬಹುಪಾಲು ಭಾರತೀಯರು, ಅದರಲ್ಲೂ ಆಂಧ್ರಪ್ರದೇಶದವರು ಹೆಚ್ಚು. ಸರ್ಕಾರಕ್ಕೆ ಸಲ್ಲಿಸಿದ ದಾಖಲೆಯ ಪ್ರಕಾರ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳ ವಾಸ ಸನ್ನಿವೇಲ್ ನಗರದ ಒಂದೇ ಅಪಾರ್ಟ್‌ಮೆಂಟಿನಲ್ಲಿತ್ತು. ವಿಚಾರಣೆಗೊಳಗಾದ ಕೆಲವು ವಿದ್ಯಾರ್ಥಿಗಳ ಕಾಲಿಗೆ ರೇಡಿಯೊ ನಿಗಾ ಪಟ್ಟಿ ತೊಡಿಸಿದ್ದು ಭಾರತದಲ್ಲಿ ದೊಡ್ಡ ಸುದ್ದಿಯಾಯಿತು. ಆಗ ವಿದೇಶಾಂಗ ಸಚಿವರಾಗಿದ್ದ ಕರ್ನಾಟಕದ ಎಸ್. ಎಂ. ಕೃಷ್ಣ ಇದನ್ನು ಪ್ರತಿಭಟಿಸಿದರು. ಸಂಸ್ಥೆಯನ್ನು ನಡೆಸುತ್ತಿದ್ದವರಿಗೆ 2014ರಲ್ಲಿ 16 ವರ್ಷಕ್ಕೂ ಹೆಚ್ಚಿನ ಸೆರೆವಾಸ ವಿಧಿಸಲಾಯಿತು.

ಮಿಶಿಗನ್ ರಾಜ್ಯದ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದ ಕಥೆ ಇನ್ನೂ ವಿಚಿತ್ರವಾದುದು. ಅದನ್ನು ಸ್ಥಾಪಿಸಿದ್ದು ವೀಸಾ ವಂಚನೆಯನ್ನು ಪತ್ತೆ ಹಚ್ಚಲು ಹೊರಟ ವಲಸೆ ಜಾರಿ ಇಲಾಖೆಯೇ. ಅಲ್ಲಿ ಅಧ್ಯಾಪಕರೂ ಇರಲಿಲ್ಲ, ತರಗತಿಗಳೂ ಇರಲಿಲ್ಲ. 2019ರ ಜನವರಿಯಲ್ಲಿ ವಿದ್ಯಾರ್ಥಿಗಳನ್ನು ಸೇರಿಸುತ್ತಿದ್ದ 8 ಮಂದಿಯ ಮೇಲೆ ಮೊಕದ್ದಮೆ ಹೂಡಿ, 129 ಭಾರತೀಯ ವಿದ್ಯಾರ್ಥಿಗಳನ್ನು ಬಂಧಿಸಲಾಯಿತು. ವಿದ್ಯಾರ್ಥಿಗಳಿಗೆ ಎಲ್ಲವೂ ತಿಳಿದಿತ್ತೆಂದು ಸರ್ಕಾರ ವಾದಿಸಿತು. ಸರ್ಕಾರದ ಪಟ್ಟಿಯಲ್ಲೇ ಇದ್ದ ಸಂಸ್ಥೆಯನ್ನು ನಂಬಿದೆವೆಂದು ಹಲವು ವಿದ್ಯಾರ್ಥಿಗಳು ಹೇಳಿದರು. ಶುಲ್ಕ ಪಡೆದು ಪಾಠ ಮಾಡದಿರುವುದು ಕರಾರಿನ ಉಲ್ಲಂಘನೆಯೆಂಬ ದಾವೆ ಮುಂದುವರಿಯಲು 2024ರಲ್ಲಿ ಫೆಡರಲ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಅವಕಾಶ ನೀಡಿತು.

ವಿದೇಶೀ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅನುಮತಿಯಿರುವ ಸಂಸ್ಥೆಗಳ ಪಟ್ಟಿಯನ್ನು ಸರ್ಕಾರ ಪ್ರಕಟಿಸುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಸೇರಬಾರದು ಎಂಬುದು ಸ್ಪಷ್ಟ. ಆದರೆ ಈ ಎರಡೂ ಸಂಸ್ಥೆಗಳಿಗೆ ಅನುಮತಿಯಿತ್ತು ಎಂಬುದನ್ನು ಮರೆಯುವಂತಿಲ್ಲ. ಪಾಠ ನಡೆಯುತ್ತದೆಯೇ, ಪರೀಕ್ಷೆ ಇದೆಯೇ, ಅಧ್ಯಾಪಕರು ಯಾರು ಎಂಬ ಸರಳ ಪ್ರಶ್ನೆಗಳು ಪಟ್ಟಿಗಿಂತ ಹೆಚ್ಚು ಉಪಯುಕ್ತ. ಹೊಸ ವಿದ್ಯಾರ್ಥಿಯನ್ನು ಕರೆತಂದವರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡುವ, ಮೊದಲ ದಿನದಿಂದಲೇ ಪೂರ್ಣಾವಧಿ ಕೆಲಸ ಮಾಡಬಹುದೆಂದು ಆಸೆ ತೋರಿಸುವ ಸಂಸ್ಥೆಗಳ ವಿಷಯದಲ್ಲಿ ಎರಡು ಬಾರಿ ಯೋಚಿಸಬೇಕು.

ಉದ್ಯೋಗದ ವಂಚನೆಗಳು

ಮೇಲೆ ಹೇಳಿದ 90 ದಿನಗಳ ಗಡುವು ಹತ್ತಿರವಾದಂತೆ ಕೆಲವು ವಿದ್ಯಾರ್ಥಿಗಳು ಸಣ್ಣ ಕನ್ಸಲ್ಟೆನ್ಸಿಗಳ ಮೊರೆ ಹೋಗುತ್ತಾರೆ. ಕಾನೂನುಬದ್ಧವಾಗಿ ನಡೆಯುವ ಕನ್ಸಲ್ಟೆನ್ಸಿಗಳು ಬಹಳಷ್ಟಿವೆ. ಮೋಸದವು ‘ತರಬೇತಿ ಶುಲ್ಕ’ದ ಹೆಸರಿನಲ್ಲಿ ಹಣ ಪಡೆದು, ಮಾಡದ ಕೆಲಸದ ಅನುಭವವನ್ನು ರೆಸ್ಯೂಮಿನಲ್ಲಿ ಬರೆಯಿಸಿ, ವಿದ್ಯಾರ್ಥಿಯನ್ನೂ ತಪ್ಪಿನಲ್ಲಿ ಪಾಲುದಾರನನ್ನಾಗಿ ಮಾಡುತ್ತವೆ. ಹಾಗೆ ಒಮ್ಮೆ ಸಿಕ್ಕಿಕೊಂಡವನು ದೂರು ಕೊಡಲಾರ.

ಎಚ್-1ಬಿ ಅರ್ಜಿಯನ್ನು ಸಲ್ಲಿಸುವವರು ಉದ್ಯೋಗದಾತರು. ಅರ್ಜಿಯ ಖರ್ಚು ಅವರ ವ್ಯಾಪಾರದ ಖರ್ಚೇ ಆಗಿರುವುದರಿಂದ ಅದನ್ನು ನೌಕರನ ವೇತನದಿಂದ ಮುರಿದುಕೊಂಡು ನಿಗದಿತ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ಅರ್ಜಿಯ ಭಾಗವಾದ ತರಬೇತಿ ನಿಧಿಯ ಶುಲ್ಕವನ್ನಂತೂ ನೌಕರನಿಂದ ಯಾವ ರೂಪದಲ್ಲೂ ಪಡೆಯಬಾರದು. ಪ್ರಾಜೆಕ್ಟ್ ಇಲ್ಲವೆಂದು ನೌಕರನನ್ನು ‘ಬೆಂಚ್’ ಮೇಲೆ ಕೂರಿಸಿದ ಅವಧಿಗೂ ಸಂಬಳ ಕೊಡಬೇಕಾದುದು ಕಾನೂನು. ಬಾಕಿ ಉಳಿಸಿಕೊಂಡವರ ವಿರುದ್ಧ ಕಾರ್ಮಿಕ ಇಲಾಖೆಯ ವೇತನ ಮತ್ತು ಕೆಲಸದ ಅವಧಿ ವಿಭಾಗಕ್ಕೆ ಡಬ್ಲ್ಯುಎಚ್-4 ನಮೂನೆಯಲ್ಲಿ ದೂರು ಸಲ್ಲಿಸಬಹುದು.

ಮನೆ ಬಾಡಿಗೆ ಮತ್ತು ಚೆಕ್

ಮಾರಾಟಕ್ಕಿಟ್ಟ ಮನೆಯ ಚಿತ್ರಗಳನ್ನು ಕದ್ದು, ಕಡಿಮೆ ಬಾಡಿಗೆಗೆ ಜಾಹೀರಾತು ನೀಡಿ, ಮಾಲೀಕರು ಪರದೇಶದಲ್ಲಿದ್ದಾರೆಂದು ಹೇಳಿ ಮುಂಗಡ ಕೇಳುವುದು ಒಂದು ಬಗೆ. ಭಾರತದಿಂದ ಹೊರಡುವ ಮೊದಲೇ ಮನೆ ಗೊತ್ತುಮಾಡಲು ಹೊರಟವರು ಇದಕ್ಕೆ ಸುಲಭವಾಗಿ ಬಲಿಯಾಗುತ್ತಾರೆ. ನಕಲಿ ಚೆಕ್ಕಿನ ಮೋಸ ಇನ್ನಷ್ಟು ಸೂಕ್ಷ್ಮ. ವಂಚಕನು ಹೆಚ್ಚಿನ ಮೊತ್ತದ ಚೆಕ್ ಕೊಟ್ಟು, ಉಳಿದ ಹಣವನ್ನು ಮರಳಿಸಲು ಕೇಳುತ್ತಾನೆ. ಕಾನೂನಿನ ಪ್ರಕಾರ ಬ್ಯಾಂಕ್ ಕೆಲವೇ ದಿನಗಳಲ್ಲಿ ಮೊತ್ತವನ್ನು ಖಾತೆಯಲ್ಲಿ ತೋರಿಸಬೇಕಾಗಿರುವುದರಿಂದ ಚೆಕ್ ನಗದಾಯಿತೆಂಬ ಭ್ರಮೆ ಹುಟ್ಟುತ್ತದೆ. ಅದು ಖೋಟಾ ಎಂದು ತಿಳಿಯಲು ವಾರಗಳೇ ಹಿಡಿಯಬಹುದು, ಅಷ್ಟರಲ್ಲಿ ಮರಳಿಸಿದ ಹಣ ಖಾತೆದಾರನ ನಷ್ಟವಾಗಿರುತ್ತದೆ.

ಸ್ವಂತ ಸಮುದಾಯದೊಳಗೆ

ಒಂದೇ ಭಾಷೆ, ಒಂದೇ ಊರು, ಒಂದೇ ದೇವಾಲಯ ಎಂಬ ನಂಟನ್ನು ಬಳಸಿಕೊಂಡು ನಡೆಸುವ ಹೂಡಿಕೆ ವಂಚನೆಗಳ ಬಗ್ಗೆ ಅಮೆರಿಕದ ಷೇರು ನಿಯಂತ್ರಣ ಆಯೋಗ ಪ್ರತ್ಯೇಕವಾಗಿಯೇ ಎಚ್ಚರಿಸುತ್ತ ಬಂದಿದೆ. ಅಮೆರಿಕದ ಹಲವು ನಗರಗಳಲ್ಲಿರುವ ಕನ್ನಡ ಕೂಟಗಳು ಹೊಸಬರಿಗೆ ಮನೆ, ವೈದ್ಯರು, ವಕೀಲರ ಬಗ್ಗೆ ಸಲಹೆ ನೀಡುವ ತವರಿನಂತಿವೆ, ಮತ್ತು ಆ ಸಲಹೆ ಬಹುತೇಕ ಒಳ್ಳೆಯದೇ. ಆದರೆ ‘ನಮ್ಮವರೇ’ ಎಂಬ ಒಂದೇ ಕಾರಣಕ್ಕೆ ಲಿಖಿತ ಕರಾರು, ರಸೀತಿಗಳನ್ನು ಕೇಳದಿರುವುದು ಸೌಜನ್ಯವೆನಿಸುವುದಿಲ್ಲ.

ಇನ್ನೊಂದು ಅಪಾಯ ಹೊಸ ವಿದ್ಯಾರ್ಥಿಗಳನ್ನು ವಂಚನೆಯ ಕೂಲಿಗಳನ್ನಾಗಿಸುವುದು. ಪೊಟ್ಟಣವೊಂದನ್ನು ಒಂದು ಮನೆಯಿಂದ ತಂದುಕೊಟ್ಟರೆ ಅಥವಾ ಖಾತೆಗೆ ಬಂದ ಹಣವನ್ನು ಮುಂದೆ ಕಳುಹಿಸಿದರೆ ಕಮಿಷನ್ ಎಂಬ ಆಹ್ವಾನ ಬರುತ್ತದೆ. ಪೊಟ್ಟಣದಲ್ಲಿರುವುದು ಯಾವುದೋ ವೃದ್ಧರಿಂದ ಹೆದರಿಸಿ ಪಡೆದ ನಗದು ಅಥವಾ ಚಿನ್ನ. ಹೀಗೆ ತರಲು ಹೋದ ಭಾರತೀಯ ವಿದ್ಯಾರ್ಥಿಗಳು ಅಮೆರಿಕದ ವಿವಿಧ ರಾಜ್ಯಗಳಲ್ಲಿ ಬಂಧಿತರಾಗಿದ್ದಾರೆ. ಕರೆ ಮಾಡಿದವರು ಸಾವಿರಾರು ಮೈಲಿ ದೂರದಲ್ಲಿ ಸುರಕ್ಷಿತವಾಗಿರುತ್ತಾರೆ, ಮನೆಯ ಬಾಗಿಲಲ್ಲಿ ಸಿಕ್ಕಿಬೀಳುವವನು ಈ ಹುಡುಗ.

ವಂಚನೆಗೊಳಗಾದ ನಂತರ

ಮೊದಲ ಗಂಟೆ ಅಮೂಲ್ಯವಾದುದು. ಬ್ಯಾಂಕಿಗೆ ಅಥವಾ ಗಿಫ್ಟ್ ಕಾರ್ಡ್ ನೀಡಿದ ಕಂಪನಿಗೆ ಒಡನೆ ತಿಳಿಸಿದರೆ ಕೆಲವೊಮ್ಮೆ ಹಣವನ್ನು ತಡೆಹಿಡಿಯಲು ಸಾಧ್ಯ. ಅಮೆರಿಕದಿಂದ ವಿದೇಶಕ್ಕೆ ಕಳುಹಿಸುವ ಬಹುತೇಕ ಹಣರವಾನೆಗಳನ್ನು, ಅತ್ತಕಡೆಯವರು ಪಡೆದಿಲ್ಲದಿದ್ದರೆ, ಪಾವತಿಸಿದ 30 ನಿಮಿಷಗಳೊಳಗೆ ರದ್ದುಪಡಿಸುವ ಹಕ್ಕು ಕಳುಹಿಸಿದವರಿಗಿದೆ. ಗುರುತಿನ ವಿವರಗಳು ಕಳುವಾಗಿದ್ದರೆ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಸಂಸ್ಥೆಗಳಲ್ಲಿಯೂ ತಮ್ಮ ಹೆಸರಿನಲ್ಲಿ ಹೊಸ ಸಾಲ ಹುಟ್ಟದಂತೆ ದಾಖಲೆಯನ್ನು ಸ್ಥಗಿತಗೊಳಿಸಬಹುದು. 2018ರ ಸೆಪ್ಟೆಂಬರ್‌ನಿಂದ ಇದು ಉಚಿತವಾಗಿದೆ. ದೂರುಗಳನ್ನು ಫೆಡರಲ್ ಟ್ರೇಡ್ ಕಮಿಷನ್‌ಗೂ, ಅಂತರಜಾಲದ ಮೋಸವಾದರೆ ಎಫ್‌ಬಿಐನ ಅಂತರಜಾಲ ಅಪರಾಧ ದೂರು ಕೇಂದ್ರಕ್ಕೂ ಸಲ್ಲಿಸಲಾಗುತ್ತದೆ. ಅಧಿಕೃತ ಜಾಲತಾಣಗಳ ವಿಳಾಸ ಸಾಮಾನ್ಯವಾಗಿ ‘ಡಾಟ್ ಗವ್’ ಎಂದು ಕೊನೆಗೊಳ್ಳುತ್ತದೆ.

ದೂರು ಕೊಟ್ಟರೆ ವೀಸಾಕ್ಕೆ ತೊಂದರೆಯಾದೀತೆಂಬ ಅಂಜಿಕೆಯಿಂದ ಅನೇಕರು ಸುಮ್ಮನಿರುತ್ತಾರೆ. ಮೋಸಹೋಗುವುದು ವಲಸೆ ಕಾನೂನಿನಲ್ಲಿ ಅಪರಾಧವಲ್ಲ. 2000ದ ಕಾನೂನೊಂದು ಕೆಲವು ಗಂಭೀರ ಅಪರಾಧಗಳಿಗೆ ಬಲಿಯಾಗಿ ತನಿಖೆಗೆ ನೆರವಾದವರಿಗಾಗಿ ಯು-ವೀಸಾ ಎಂಬ ಪ್ರತ್ಯೇಕ ವರ್ಗವನ್ನೇ ಸೃಷ್ಟಿಸಿದೆ. ವರ್ಷಕ್ಕೆ 10,000 ಮಂದಿಗೆ ಮುಖ್ಯ ಅರ್ಜಿದಾರರಾಗಿ ಇದು ದೊರೆಯಬಹುದು. ಸುಲಿಗೆ, ಬ್ಲ್ಯಾಕ್‌ಮೇಲ್ ಹಾಗೂ ವಿದೇಶೀ ಕಾರ್ಮಿಕರ ನೇಮಕಾತಿಯಲ್ಲಿ ನಡೆಯುವ ವಂಚನೆ ಆ ಅಪರಾಧಗಳ ಪಟ್ಟಿಯಲ್ಲಿವೆ. ಆದರೆ ವಿದ್ಯಾರ್ಥಿಯೇ ಸುಳ್ಳು ದಾಖಲೆಗೆ ಸಹಿ ಹಾಕಿರುವಂಥ ಪ್ರಕರಣಗಳಲ್ಲಿ, ದೂರು ಬರೆಯುವ ಮುನ್ನ ಪರವಾನಗಿಯುಳ್ಳ ವಲಸೆ ವಕೀಲರನ್ನು ಕಾಣುವುದು ಅಗತ್ಯ.

ಒಮ್ಮೆ ಮೋಸಹೋದವರ ಹೆಸರು, ಫೋನ್ ಸಂಖ್ಯೆಗಳು ವಂಚಕರ ನಡುವೆ ಮಾರಾಟವಾಗುತ್ತವೆ. ಕೆಲವು ವಾರಗಳ ನಂತರ, ಕಳೆದುಹೋದ ಹಣವನ್ನು ಮರಳಿ ಕೊಡಿಸುತ್ತೇವೆ, ಮೊದಲು ಸ್ವಲ್ಪ ಶುಲ್ಕ ಕಟ್ಟಿ ಎಂದು ಇನ್ನೊಬ್ಬರು ಕರೆ ಮಾಡುವುದು ಸಾಮಾನ್ಯ. ಕರೆ ಮಾಡಿದವರಿಗೆ ಕಳೆದ ಮೊತ್ತ, ದಿನಾಂಕ ಎಲ್ಲವೂ ನಿಖರವಾಗಿ ತಿಳಿದಿರುತ್ತದೆ, ಏಕೆಂದರೆ ಆ ವಿವರ ಬಂದಿರುವುದು ಮೊದಲು ಸುಲಿದವರಿಂದಲೇ.